ಹತ್ತು ವರ್ಷದ ಕರಾರು, ಕುಸಿದ ರೂಪಾಯಿ: ಡಾ. ಅಂಬೇಡ್ಕರ್ ವಿದೇಶದಲ್ಲಿ ಓದಿದ ಬಗೆ

ಜೂನ್, ಜುಲೈ ತಿಂಗಳು ಬಂತೆಂದರೆ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆ, ಪುಸ್ತಕ ವಿತರಣೆಯ ಕಾರ್ಯಕ್ರಮಗಳು ಸಾಲುಗಟ್ಟಿ ನಡೆಯುತ್ತವೆ. ಹಿಂದೆಲ್ಲ ಹತ್ತನೆಯ, ಹನ್ನೆರಡನೆಯ ತರಗತಿಯ ಮಕ್ಕಳ ಅರ್ಜಿಗಳೇ ಹೆಚ್ಚು. ಈಗ ಅಮೆರಿಕಕ್ಕೋ ಜರ್ಮನಿಗೋ ಹೊರಟ ಮಕ್ಕಳ ಅರ್ಜಿಗಳೂ ಸಮಿತಿಯ ಮೇಜಿನ ಮೇಲೆ ಬೀಳುತ್ತಿವೆ. ಶುಲ್ಕ ಎಷ್ಟು, ಬ್ಯಾಂಕ್ ಸಾಲ ಎಷ್ಟು, ಮನೆಯವರು ಎಷ್ಟು ಹಾಕುತ್ತಾರೆ, ಉಳಿದದ್ದಕ್ಕೆ ಯಾರು ದಿಕ್ಕು ಎಂಬ ಲೆಕ್ಕಾಚಾರ ನಡೆಯುತ್ತದೆ. ಇದೇ ಲೆಕ್ಕಾಚಾರವನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಮುಂಬಯಿಯ ಪರೇಲಿನ ಚಾಳೊಂದರಲ್ಲಿ ಕುಳಿತು ಮಾಡಿದವರು ಡಾ. ಬಾಬಾಸಾಹೇಬ್ ಅಂಬೇಡ್ಕರ್. ಸಂವಿಧಾನ ಶಿಲ್ಪಿಯಾಗಿ ಅವರನ್ನು ಅರಿಯದವರಿಲ್ಲ. ಅವರ ಪದವಿಗಳ ಉದ್ದನೆಯ ಪಟ್ಟಿಯೂ ಭಾಷಣಗಳಲ್ಲಿ ಕೇಳಿಬರುತ್ತದೆ. ಆದರೆ ಆ ಪದವಿಗಳಿಗೆ ದುಡ್ಡು ಎಲ್ಲಿಂದ ಬಂತು, ಎಲ್ಲಿ ನಿಂತುಹೋಯಿತು, ಮತ್ತೆ ಹೇಗೆ ಹೊಂದಿಸಲಾಯಿತು ಎಂಬುದನ್ನು ಹೇಳುವವರು ಕಡಿಮೆ.

ಭೀಮರಾವ್ ಹುಟ್ಟಿದ್ದು 1891ರ ಎಪ್ರಿಲ್ 14ರಂದು, ಮಧ್ಯ ಭಾರತದ ಮಹೂ ದಂಡುಪ್ರದೇಶದಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಹದಿನಾಲ್ಕನೆಯ ಮಗು ಇವರು. ಮಹಾರ್ ಜಾತಿಯ ಹುಡುಗನೆಂದು ಶಾಲೆಯಲ್ಲಿ ಅನುಭವಿಸಿದ ಅಪಮಾನಗಳು ಎಲ್ಲರಿಗೂ ತಿಳಿದದ್ದೇ. ಕುಟುಂಬ ಮುಂಬಯಿಗೆ ಬಂದ ಬಳಿಕ ಎಲ್ಫಿನ್‌ಸ್ಟನ್ ಹೈಸ್ಕೂಲು ಸೇರಿ 1907ರಲ್ಲಿ ಮೆಟ್ರಿಕ್ ಮುಗಿಸಿದರು. ಆಗ ನಡೆದ ಅಭಿನಂದನಾ ಸಭೆಯಲ್ಲಿ ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಎಂಬ ಶಿಕ್ಷಕ, ಲೇಖಕರು ತಾವು ಬರೆದ ಬುದ್ಧ ಚರಿತ್ರೆಯ ಪ್ರತಿಯನ್ನು ಹುಡುಗನ ಕೈಗಿತ್ತರು. ಆ ಪುಸ್ತಕದ ಕಥೆ 1956ರ ನಾಗಪುರದವರೆಗೆ ಸಾಗುತ್ತದೆ. ಅದನ್ನು ಇಲ್ಲಿ ಹೇಳಹೊರಟರೆ ಜಾಗ ಸಾಲದು. ನಮ್ಮ ವಿಷಯಕ್ಕೆ ಬೇಕಾದದ್ದು ಕೇಳುಸ್ಕರ್ ಮಾಡಿದ ಇನ್ನೊಂದು ಕೆಲಸ. ಕಾಲೇಜು ಓದಿಸಲು ರಾಮ್‌ಜಿಯವರ ಕೈ ಸೋತಾಗ ಇವರು ಭೀಮರಾವ್‌ರನ್ನು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿಗೆ ಕರೆದೊಯ್ದರು. ಮಹಾರಾಜರು ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಮಂಜೂರು ಮಾಡಿದರು. ಕೇಳುಸ್ಕರ್ ಶ್ರೀಮಂತರೇನಲ್ಲ. ಅವರು ಕೊಟ್ಟದ್ದು ಹಣವಲ್ಲ, ಪರಿಚಯ. ಸಂಘದ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು.

ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಮುಗಿಸಿ 1913ರ ಜನವರಿಯಲ್ಲಿ ಬರೋಡ ಸಂಸ್ಥಾನದ ಸೇವೆಗೆ ಸೇರಿದ ಕೆಲವೇ ದಿನಗಳಲ್ಲಿ ತಂದೆಯ ಅನಾರೋಗ್ಯದ ತಂತಿ ಬಂತು. ಫೆಬ್ರವರಿ 2ರಂದು ರಾಮ್‌ಜಿ ತೀರಿಕೊಂಡರು. ಮನೆಯಲ್ಲಿ ಪತ್ನಿ ರಮಾಬಾಯಿ, ಪುಟ್ಟ ಮಗ ಯಶವಂತ. ಇಂಥ ಹೊತ್ತಿನಲ್ಲಿ ಸಾಮಾನ್ಯರು ಸಿಕ್ಕ ಕೆಲಸವನ್ನು ಗಟ್ಟಿ ಹಿಡಿಯುತ್ತಾರೆ. ಅದೇ ವೇಳೆಗೆ ಮಹಾರಾಜರು ಉನ್ನತ ಶಿಕ್ಷಣಕ್ಕಾಗಿ ಕೆಲವು ವಿದ್ಯಾರ್ಥಿಗಳನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸುವ ಯೋಜನೆ ಹಾಕಿದ್ದರು. ಭೀಮರಾವ್ ಅರ್ಜಿ ಹಾಕಿದರು, ಆಯ್ಕೆಯಾದರು.

1913ರ ಜೂನ್ 4ರಂದು ಬರೋಡದಲ್ಲಿ ಕರಾರುಪತ್ರಕ್ಕೆ ಸಹಿ ಬಿತ್ತು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷದ ಅವಧಿ. ನಿಗದಿತ ವಿಷಯಗಳನ್ನೇ ಓದಬೇಕು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ ಮಾಡಬೇಕು. ಅಂದಿನ ದರದಲ್ಲಿ ಒಂದು ಪೌಂಡಿಗೆ 15 ರೂಪಾಯಿ. ಅಂದರೆ ತಿಂಗಳಿಗೆ ಸುಮಾರು 172 ರೂಪಾಯಿ. ಪರೇಲಿನ ಚಾಳಿನವರಿಗೆ ಇದು ಕನಸಿನ ಮೊತ್ತ. ನ್ಯೂಯಾರ್ಕಿನಲ್ಲಿ ಬದುಕುವ ವಿದ್ಯಾರ್ಥಿಗೆ ಮಾತ್ರ ಇದು ಬಿಗಿ ಲೆಕ್ಕವೇ. ಅದರಲ್ಲೂ ಒಂದು ಪಾಲನ್ನು ಮನೆಗೆ ಕಳುಹಿಸಬೇಕಾಗಿತ್ತು.

ಜುಲೈಯಲ್ಲಿ ಅವರು ನ್ಯೂಯಾರ್ಕ್ ತಲಪಿದರು. ಮೊದಲ ಕೆಲವು ತಿಂಗಳು ಇಪ್ಪತ್ತೆರಡರ ಯುವಕ ಹೊಸ ಊರಿನ ಆಟ-ನೋಟಗಳಲ್ಲಿ ತುಸು ಮೈಮರೆತದ್ದುಂಟು ಎಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಮಹಾಪುರುಷರ ಕಥೆಯಲ್ಲಿ ಇಂಥದ್ದನ್ನು ಅಳಿಸಿಹಾಕುವ ಚಾಳಿ ನಮಗಿದೆ. ಅಳಿಸಬೇಕಾಗಿಲ್ಲ. ಯಾರ ಹಣದಲ್ಲಿ, ಯಾತಕ್ಕಾಗಿ ಬಂದೆನೆಂಬ ಯೋಚನೆ ಹೊಕ್ಕ ಮೇಲೆ ಅವರು ಗ್ರಂಥಾಲಯ ಬಿಟ್ಟು ಕದಲಲಿಲ್ಲ. ಅರ್ಥಶಾಸ್ತ್ರದಲ್ಲಿ ಎಡ್ವಿನ್ ಸೆಲಿಗ್ಮನ್, ತತ್ವಶಾಸ್ತ್ರದಲ್ಲಿ ಜಾನ್ ಡ್ಯೂಯಿ ಅವರ ಗುರುಗಳಾದರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಕುರಿತು ಪ್ರಬಂಧ ಮಂಡಿಸಿದರು. ಅದು ಇಂದಿಗೂ ಓದಲ್ಪಡುವ ಪ್ರಬಂಧ. ಹೊಟ್ಟೆಗೆ ಕಾಫಿ, ಒಂದೆರಡು ಮಫಿನ್, ಒಂದು ತಟ್ಟೆ ಮೀನೋ ಮಾಂಸವೋ. ಉಳಿದ ಕಾಸಿಗೆ ಹಳೆ ಪುಸ್ತಕದಂಗಡಿಗಳಲ್ಲಿ ಪುಸ್ತಕ. ಹಾಗೆ ಕೊಂಡವು ಎರಡು ಸಾವಿರದಷ್ಟಾದವು.

ಅಲ್ಲಿಯ ವಿದ್ಯಾರ್ಥಿ ನಿಲಯದಲ್ಲಿ ಜತೆಗಿದ್ದವರು ನವಲ್ ಭಥೇನಾ ಎಂಬ ಪಾರ್ಸಿ ಯುವಕ. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದು ಮತ್ತೆ ಮತ್ತೆ ಬರುತ್ತದೆ.

1916ರಲ್ಲಿ ಅವರು ಲಂಡನ್ನಿಗೆ ಹೋಗಿ ಅಕ್ಟೋಬರಿನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೂ, ಬ್ಯಾರಿಸ್ಟರ್ ಪದವಿಗಾಗಿ ಗ್ರೇಸ್ ಇನ್‌ಗೂ ಸೇರಿದರು. ಆದರೆ ವಿದ್ಯಾರ್ಥಿವೇತನದ ಗಡುವು ತೀರಿತ್ತು. ಬರೋಡದ ದಿವಾನರು ಹಿಂದಿರುಗುವಂತೆ ಸೂಚಿಸಿದರು. ಓದು ಅರ್ಧಕ್ಕೆ ನಿಂತಿತು. ಹೊರಡುವ ಮುನ್ನ ಅವರು ಒಂದು ಜಾಣತನದ ಕೆಲಸ ಮಾಡಿದರು. 1917ರ ಅಕ್ಟೋಬರದಿಂದ ನಾಲ್ಕು ವರ್ಷಗಳೊಳಗೆ ಮರಳಿ ಬಂದು ಓದು ಮುಂದುವರಿಸಲು ವಿಶ್ವವಿದ್ಯಾಲಯದ ಅನುಮತಿ ಪಡೆದುಕೊಂಡರು. ಕೈಯಲ್ಲಿ ಚಿಕ್ಕಾಸಿಲ್ಲದಿದ್ದರೂ ಬಾಗಿಲು ಮುಚ್ಚದಂತೆ ನೋಡಿಕೊಂಡರು.

ಮೊದಲ ಮಹಾಯುದ್ಧದ ಕಾಲವದು. ಅವರು ಒಂದು ಹಡಗಿನಲ್ಲಿ ಬಂದರು, ಸಾಮಾನು ಇನ್ನೊಂದರಲ್ಲಿ ಹೊರಟಿತ್ತು. ಆ ಹಡಗು ಶತ್ರುವಿನ ಟಾರ್ಪಿಡೊ ಏಟಿಗೆ ಮುಳುಗಿತು. ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳು ನೀರು ಪಾಲಾದವು. 1917ರ ಆಗಸ್ಟ್ 21ರಂದು ಮುಂಬಯಿ ತಲಪಿದ ಅವರು ಮುಂದಿನ ತಿಂಗಳು ಕರಾರಿನಂತೆ ಬರೋಡಕ್ಕೆ ಹೋದರು.

ಮಹಾರಾಜರ ಮಿಲಿಟರಿ ಕಾರ್ಯದರ್ಶಿಯ ಹುದ್ದೆ ಸಿಕ್ಕಿತು. ವಾಸಕ್ಕೆ ಮನೆ ಸಿಗಲಿಲ್ಲ. ಹಿಂದೂ ಹೋಟೆಲುಗಳಲ್ಲಿ ಪ್ರವೇಶವಿಲ್ಲ. ಕೊನೆಗೆ ಪಾರ್ಸಿ ವಸತಿಗೃಹವೊಂದರ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಬಾಡಿಗೆಗೆ ಮಹಡಿಯ ಕತ್ತಲ ಕೋಣೆಯಲ್ಲಿ ಉಳಿದರು. ಹನ್ನೊಂದನೆಯ ದಿನ ಬೆಳಗ್ಗೆ ಹತ್ತಾರು ಪಾರ್ಸಿಗಳು ದೊಣ್ಣೆ ಹಿಡಿದು ಬಂದು ಸಂಜೆಯೊಳಗೆ ಖಾಲಿ ಮಾಡುವಂತೆ ಬೆದರಿಸಿದರು. ಇಬ್ಬರು ಮಿತ್ರರನ್ನು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ಆಶ್ರಯ ಕೇಳಿದರು. ಇಬ್ಬರೂ ನೆಪ ಹೇಳಿದರು. ಕೊಲಂಬಿಯಾದ ಸ್ನಾತಕೋತ್ತರ ಪದವೀಧರ ಕಾಮಾಟಿ ಬಾಗ್ ಎಂಬ ಉದ್ಯಾನದಲ್ಲಿ ಕುಳಿತು ಕತ್ತಲಾಗುವುದನ್ನು ಕಾದು, ರಾತ್ರಿಯ ರೈಲು ಹಿಡಿದು ಮುಂಬಯಿಗೆ ಮರಳಿದರು. ಬಹಳ ವರ್ಷಗಳ ಮೇಲೆ ಇದನ್ನವರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಚಿಕ್ಕ ಆತ್ಮಕಥನದಲ್ಲಿ ದಾಖಲಿಸಿದ್ದಾರೆ.

ಹತ್ತು ವರ್ಷದ ಕರಾರು ಹತ್ತಾರು ದಿನಗಳಲ್ಲಿ ಮುರಿಯಿತು. ಮುರಿದವರು ಯಾರು? ಕಾಗದದ ಮೇಲೆ ಅಂಬೇಡ್ಕರ್. ನಿಜದಲ್ಲಿ, ಸಂಸ್ಥಾನದ ಅಧಿಕಾರಿಗೊಂದು ಸೂರು ಕೊಡಲಾರದ ಆ ಊರು. ಆದರೂ ಖರ್ಚು ಮಾಡಿದ ಹಣ ಹಿಂದಿರುಗಿಸಬೇಕೆಂಬ ಬರೋಡದ ಪತ್ರಗಳು ಮುಂದೆ ಅವರನ್ನು ಕಾಡಿದವು. ವಿದ್ಯಾರ್ಥಿವೇತನಕ್ಕೆ ಷರತ್ತು ಹಾಕುವವರು, ಆ ಷರತ್ತು ಪಾಲಿಸಲು ಬೇಕಾದ ನೆಲೆಯನ್ನೂ ಒದಗಿಸಬೇಕಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮಹಾರಾಜರ ಔದಾರ್ಯದಲ್ಲಿ ಕೊರತೆ ಇರಲಿಲ್ಲ. ಅದು ಅರಮನೆಯ ಹೊರಗೆ ನಡೆಯಲಿಲ್ಲ, ಅಷ್ಟೇ.

ಮುಂಬಯಿಯಲ್ಲಿ ಮನೆಪಾಠ ಹೇಳಿದರು. ಷೇರು ವ್ಯವಹಾರದ ಸಲಹೆ ಕೊಡುವ ಕಚೇರಿ ತೆರೆದರು, ಜಾತಿ ತಿಳಿದ ಮೇಲೆ ಗಿರಾಕಿಗಳು ನಿಂತುಹೋದರು. 1918ರ ನವೆಂಬರಿನಲ್ಲಿ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ತಾತ್ಕಾಲಿಕ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ತಿಂಗಳಿಗೆ 450 ರೂಪಾಯಿ. ಆ ಕಾಲಕ್ಕೆ ಒಳ್ಳೆಯ ಸಂಬಳ. ಪ್ರಾಧ್ಯಾಪಕರ ಕೋಣೆಯ ನೀರಿನ ಮಡಕೆ ಮುಟ್ಟಬಾರದೆಂದು ಆಕ್ಷೇಪಿಸಿದ ಸಹೋದ್ಯೋಗಿಗಳೂ ಅಲ್ಲಿದ್ದರು. ಆದರೂ ಪಾಠ ಕೇಳಲು ಬೇರೆ ಕಾಲೇಜಿನ ವಿದ್ಯಾರ್ಥಿಗಳು ಬರುತ್ತಿದ್ದರಂತೆ.

ಸಂಬಳ ಏರಿದರೂ ವಾಸ ಪರೇಲಿನ ಎರಡು ಕೋಣೆಗಳ ಚಾಳಿನಲ್ಲೇ ಉಳಿಯಿತು. ರಮಾಬಾಯಿಗೆ ಮನೆಖರ್ಚಿಗೆ ಇಂತಿಷ್ಟೆಂದು ಕೊಟ್ಟು, ಉಳಿದದ್ದನ್ನು ಲಂಡನ್ನಿಗಾಗಿ ಕೂಡಿಡುತ್ತಿದ್ದರು. 1920ರ ಮಾರ್ಚ್‌ವರೆಗಿನ ಹದಿನಾರು ತಿಂಗಳ ಒಟ್ಟು ಸಂಬಳವೇ ಸುಮಾರು 7,200 ರೂಪಾಯಿ. ಅದರಲ್ಲಿ ಸಂಸಾರವೂ ನಡೆಯಬೇಕು. ಎಷ್ಟು ಹಿಡಿದರೂ ಸಾಲುವಂತಿರಲಿಲ್ಲ.

ಆಗ ಇಬ್ಬರು ಕೈಹಿಡಿದರು. ಒಬ್ಬರು ಕೊಲ್ಹಾಪುರದ ಶಾಹು ಮಹಾರಾಜರು. 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ಮೀಸಲಾತಿ ಕೊಟ್ಟವರು. 1920ರ ಜನವರಿ 31ರಂದು ಆರಂಭವಾದ ‘ಮೂಕನಾಯಕ’ ಪತ್ರಿಕೆಗೂ ಅವರ ನೆರವಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಮಾಣಗಾಂವ್ ಪರಿಷತ್ತಿಗೆ ಸ್ವತಃ ಬಂದು, ಈ ಸಮುದಾಯಕ್ಕೆ ತನ್ನದೇ ನಾಯಕ ಸಿಕ್ಕಿದ್ದಾನೆಂದು ಸಾರಿದವರೂ ಅವರೇ. ಇನ್ನೊಬ್ಬರು ನವಲ್ ಭಥೇನಾ. ಅವರು 5,000 ರೂಪಾಯಿ ಸಾಲ ಕೊಟ್ಟರು. ಬರೋಡದಲ್ಲಿ ದೊಣ್ಣೆ ಹಿಡಿದು ಬಂದವರೂ ಪಾರ್ಸಿಗಳು, ಮುಂಬಯಿಯಲ್ಲಿ ಹಣ ಕೊಟ್ಟವರೂ ಪಾರ್ಸಿ. ಸಮುದಾಯಗಳ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಹೇಳುವವರು ಇದನ್ನು ಗಮನಿಸಬಹುದು. ಸ್ವಂತ ಉಳಿತಾಯ, ಮಹಾರಾಜರ ಸಹಾಯ, ಮಿತ್ರನ ಸಾಲ, ಈ ಮೂರೂ ಸೇರಿ 1920ರ ಜುಲೈಯಲ್ಲಿ ಪಯಣ ಹೊರಟಿತು. ನಾಲ್ಕು ವರ್ಷದ ಗಡುವಿಗೆ ಇನ್ನೂ ಒಂದು ವರ್ಷ ಬಾಕಿ ಇತ್ತು.

ಲಂಡನ್ನಿನ ಆ ದಿನಚರಿ ಅನೇಕರ ಬಾಯಲ್ಲಿದೆ. ಬೆಳಗ್ಗೆ ವಸತಿಗೃಹದಲ್ಲಿ ಒಂದು ತುಂಡು ಬ್ರೆಡ್, ಚೂರು ಮೀನು, ಒಂದು ಬಟ್ಟಲು ಬೋವ್ರಿಲ್ ಸಾರು. ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದ ಬಾಗಿಲು ತೆರೆಯುವ ವೇಳೆಗೆ ಹಾಜರು. ಮಧ್ಯಾಹ್ನದ ಊಟ ಇಲ್ಲ. ಸಂಜೆ ಬಾಗಿಲು ಹಾಕುವಾಗ ಎದ್ದವರು ಇಂಡಿಯಾ ಆಫೀಸ್ ಮೊದಲಾದ ಬೇರೆ ಗ್ರಂಥಾಲಯಗಳ ಕಡೆಗೆ, ಬಸ್ಸಿನ ಕಾಸು ಉಳಿಸಲು ಕಾಲ್ನಡಿಗೆಯಲ್ಲಿ. ರಾತ್ರಿ ಹತ್ತರ ಹೊತ್ತಿಗೆ ಹಸಿವು ತಡೆಯಲಾರದಾಗ ಊರಿನ ಪರಿಚಿತರೊಬ್ಬರಿಂದ ಸಿಕ್ಕಿದ್ದ ಹಪ್ಪಳದ ಕಟ್ಟಿನಿಂದ ನಾಲ್ಕು ಹಪ್ಪಳ ತೆಗೆದು ತಗಡಿನ ಮೇಲೆ ಸುಟ್ಟು, ಒಂದು ಲೋಟ ಹಾಲಿನೊಂದಿಗೆ ತಿಂದು ಮತ್ತೆ ಓದು. ವಿದೇಶಕ್ಕೆ ಹೊರಟ ಮಕ್ಕಳ ಪೆಟ್ಟಿಗೆಗೆ ಹಪ್ಪಳ ಸಂಡಿಗೆ ತುಂಬುವ ನಮ್ಮ ತಾಯಂದಿರಿಗೆ ಈ ಕಟ್ಟಿನ ಮಹತ್ವ ಬೇರೆ ಹೇಳಬೇಕಿಲ್ಲ.

ಅಷ್ಟೊಂದು ಸಾಲ, ಸಹಾಯ ಇದ್ದೂ ಇಷ್ಟು ಬಿಗಿ ಏಕೆ? ಬರಿಯ ಮಿತವ್ಯಯದ ಕಥೆಯಾಗಿ ಇದನ್ನು ಹೇಳುವವರು ಬಿಟ್ಟುಬಿಡುವ ಕಾರಣವೊಂದಿದೆ. 1920ರ ಆರಂಭದಲ್ಲಿ ಸರಕಾರ ಒಂದು ರೂಪಾಯಿಗೆ ಎರಡು ಶಿಲಿಂಗ್ ಎಂಬ ದರವನ್ನು ಕಾಯುವ ನೀತಿ ಘೋಷಿಸಿತ್ತು. ಅಂದರೆ ಹತ್ತು ರೂಪಾಯಿಗೆ ಒಂದು ಪೌಂಡ್. ಆ ದರದಲ್ಲಿ ಭಥೇನಾರ ಐದು ಸಾವಿರಕ್ಕೆ 500 ಪೌಂಡ್ ಸಿಗಬೇಕು. ಆ ದರ ನಿಲ್ಲಲಿಲ್ಲ. 1921ರ ಆರಂಭಕ್ಕೆ ರೂಪಾಯಿ 1 ಶಿಲಿಂಗ್ 4 ಪೆನ್ಸ್‌ಗಿಂತಲೂ ಕೆಳಗಿಳಿಯಿತು. ಅಲ್ಲಿಗೆ ಅದೇ ಐದು ಸಾವಿರದ ಬೆಲೆ 333 ಪೌಂಡಿಗೂ ಕಡಿಮೆ. ಊರಿನಲ್ಲಿ ರೂಪಾಯಿಯಲ್ಲಿ ಕೂಡಿಟ್ಟು ಪೌಂಡಿನಲ್ಲಿ ಶುಲ್ಕ ಕಟ್ಟುವ ವಿದ್ಯಾರ್ಥಿಗೆ, ತಾನು ಏನೂ ತಪ್ಪು ಮಾಡದೆಯೇ ಮೂರನೇ ಒಂದು ಪಾಲು ಕೈಬಿಟ್ಟುಹೋಯಿತು. ಇಂದು ಡಾಲರಿನ ದರವನ್ನು ದಿನಾ ಬೆಳಗ್ಗೆ ನೋಡುವ ಪಾಲಕರಿಗೆ ಈ ಸಂಕಟ ಹೊಸದಲ್ಲ. ಸಾಲ ಮಾಡುವಾಗ ದರದ ಏರಿಳಿತಕ್ಕೆ ಸ್ವಲ್ಪ ಹೆಚ್ಚುವರಿ ಇಟ್ಟುಕೊಳ್ಳಿ ಎಂದು ತಿಳಿದವರು ಹೇಳುವುದು ಇದಕ್ಕೇ.

1921ರ ಸೆಪ್ಟೆಂಬರಿನಲ್ಲಿ ಅವರು ಶಾಹು ಮಹಾರಾಜರಿಗೆ ಪತ್ರ ಬರೆದು, ಕಾನೂನು ಪರೀಕ್ಷೆಯ ಶುಲ್ಕಕ್ಕೂ ಊರಿಗೆ ಮರಳುವ ಪ್ರಯಾಣಕ್ಕೂ 200 ಪೌಂಡ್ ಸಾಲ ಕೇಳಿದರು. ದಾನ ಕೇಳಲಿಲ್ಲ ಎಂಬುದು ಇಲ್ಲಿ ಮುಖ್ಯ. ಭಥೇನಾರಿಗೂ ಮತ್ತೆ ಪತ್ರ ಹೋಯಿತು, ಅವರು ಮತ್ತೆ ನೆರವಾದರು. ಕೇಳುವುದು ಅವರ ಸ್ವಾಭಿಮಾನಕ್ಕೆ ಎಷ್ಟು ಕಷ್ಟವಾಗಿದ್ದಿರಬೇಕು! ಆದರೂ ಕೇಳಿದರು.

ಸ್ವಾರಸ್ಯದ ಸಂಗತಿ ಎಂದರೆ ಅವರು ಡಿ.ಎಸ್ಸಿ. ಪದವಿಗೆ ಆರಿಸಿಕೊಂಡ ವಿಷಯವೂ ರೂಪಾಯಿಯ ಸಮಸ್ಯೆಯೇ. ಜೇಬಿನಲ್ಲಿ ಕರಗುತ್ತಿದ್ದ ನಾಣ್ಯದ ಜಾತಕವನ್ನೇ ಬರೆಯಲು ಕುಳಿತರು. ರೂಪಾಯಿಯನ್ನು ಪೌಂಡಿಗೆ ಕಟ್ಟಿಹಾಕುವ ಚಿನ್ನದ ವಿನಿಮಯ ಪದ್ಧತಿಯನ್ನು ಕೇನ್ಸ್ ಅವರಂಥ ಘನ ವಿದ್ವಾಂಸರು ಸಮರ್ಥಿಸಿದ್ದರು. ಈ ಯುವಕ ಅದನ್ನು ಖಂಡಿಸಿದರು. ಸರಕಾರದ ಕೈಗೆ ಮನಬಂದಂತೆ ನಾಣ್ಯ ಹೊರಡಿಸುವ ಅಧಿಕಾರ ಕೊಟ್ಟರೆ ಬೆಲೆ ಏರಿ ಬಡವನಿಗೇ ಪೆಟ್ಟು ಬೀಳುತ್ತದೆ ಎಂಬುದು ಅವರ ವಾದದ ತಿರುಳು. ಈ ಗ್ರಂಥದಿಂದಲೇ ರಿಸರ್ವ್ ಬ್ಯಾಂಕ್ ಹುಟ್ಟಿತೆಂದು ವೇದಿಕೆಗಳಲ್ಲಿ ಹೇಳುವುದುಂಟು. ಅಷ್ಟು ಎಳೆಯಬೇಕಾಗಿಲ್ಲ. 1925-26ರ ಹಿಲ್ಟನ್ ಯಂಗ್ ಆಯೋಗದ ಮುಂದೆ ಅವರು ಸಾಕ್ಷ್ಯ ನುಡಿದದ್ದು ನಿಜ, ಅದೇ ಸಾಕಷ್ಟು ದೊಡ್ಡ ಗೌರವ.

1921ರಲ್ಲಿ ಎಂ.ಎಸ್ಸಿ. ಆಯಿತು. 1922ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆದರು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲೂ ಹೆಸರು ಬರೆಸಿದ್ದರು, ಅದು ಕೈಗೂಡಲಿಲ್ಲ. ಡಿ.ಎಸ್ಸಿ. ಪ್ರಬಂಧವನ್ನು 1922ರ ಅಕ್ಟೋಬರಿನಲ್ಲಿ ಸಲ್ಲಿಸಿದರೆ, ಪರೀಕ್ಷಕರು ಅದರ ಮಾತಿನ ಮೊನೆ ತಗ್ಗಿಸಿ ತಿದ್ದಿ ಬರೆಯುವಂತೆ ಹೇಳಿದರು. ತಿದ್ದುವ ತನಕ ಲಂಡನ್ನಿನಲ್ಲಿ ಉಳಿಯೋಣವೆಂದರೆ ಹಣ ಮುಗಿದಿತ್ತು. 1923ರ ಎಪ್ರಿಲ್‌ನಲ್ಲಿ ಮುಂಬಯಿಗೆ ಬಂದು, ಇಲ್ಲಿಂದಲೇ ತಿದ್ದಿ ಕಳುಹಿಸಿದರು. ತೀರ್ಮಾನಗಳನ್ನು ಬದಲಿಸಲಿಲ್ಲ. ವರ್ಷದ ಕೊನೆಗೆ ಪದವಿಯೂ ಬಂತು, ಪುಸ್ತಕವೂ ಲಂಡನ್ನಿನಲ್ಲಿ ಅಚ್ಚಾಯಿತು. ಅದನ್ನು ತಂದೆತಾಯಿಗೆ ಅರ್ಪಿಸಿದರು. ಹೈಕೋರ್ಟಿನಲ್ಲಿ ವಕೀಲಿ ಸನ್ನದು ಪಡೆಯಲು ಕಟ್ಟಬೇಕಾದ ಹಣವೂ ಇರಲಿಲ್ಲ. ಅದನ್ನೂ ಭಥೇನಾ ಕೊಟ್ಟರು.

ಕೊಲಂಬಿಯಾದ ಪಿಎಚ್.ಡಿ. ಮಾತ್ರ ಕೈಗೆ ಬರಲು 1927 ಆಯಿತು. ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಿದ ಮೇಲೆಯೇ ಪದವಿ ಎಂಬುದು ಅಲ್ಲಿಯ ನಿಯಮ. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಬೆಳವಣಿಗೆ ಕುರಿತ ಆ ಗ್ರಂಥ 1925ರಲ್ಲಿ ಸೆಲಿಗ್ಮನ್ನರ ಮುನ್ನುಡಿಯೊಂದಿಗೆ ಹೊರಬಂತು. ಅರ್ಪಣೆಯ ಪುಟದಲ್ಲಿರುವುದು ತಮ್ಮ ಶಿಕ್ಷಣಕ್ಕೆ ನೆರವಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಹೆಸರು. ಬರೋಡದಲ್ಲಿ ಅನುಭವಿಸಿದ್ದು ಏನೇ ಇರಲಿ, ಉಪಕಾರ ಸ್ಮರಣೆ ಮರೆಯಲಿಲ್ಲ.

ಈ ಎಲ್ಲ ವರ್ಷಗಳ ಖರ್ಚಿನಲ್ಲಿ ಲೆಕ್ಕಕ್ಕೆ ಬಾರದ ಒಂದು ಬಾಬ್ತು ರಮಾಬಾಯಿ. ಪತಿ ಸಾಗರದಾಚೆ ಓದುವಾಗ ಚಾಳಿನ ಕೋಣೆಯಲ್ಲಿ ಅರೆಹೊಟ್ಟೆಯಲ್ಲಿ ಸಂಸಾರ ತೂಗಿಸಿದವರು ಆಕೆ. ಹೆತ್ತ ಐವರಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು, ಉಳಿದದ್ದು ಯಶವಂತ ಒಬ್ಬರೇ. 1935ರ ಮೇ 27ರಂದು ಆಕೆಯೂ ಹೋದರು. ಭಥೇನಾರ ಸಾಲವನ್ನು ತೀರಿಸಬಹುದಿತ್ತು. ಇದನ್ನು ಹೇಗೆ ತೀರಿಸುವುದು?

ತಾವು ಪಟ್ಟ ಪಾಡು ಮುಂದಿನವರಿಗೆ ಬೇಡವೆಂಬ ಕಾಳಜಿ ಅವರ ಕೆಲಸಗಳಲ್ಲಿ ಎದ್ದು ಕಾಣುತ್ತದೆ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿ, ಮರುವರ್ಷದ ಜನವರಿಯಲ್ಲೇ ಸೊಲ್ಲಾಪುರದಲ್ಲಿ ವಿದ್ಯಾರ್ಥಿ ನಿಲಯ ತೆರೆಸಿದರು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳೆಲ್ಲ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1925ರ ಎಪ್ರಿಲ್‌ನಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಅವರು ಬಂದಿದ್ದರು. ಧಾರವಾಡದಲ್ಲಿಯೂ ದಲಿತ ಮಕ್ಕಳ ವಿದ್ಯಾರ್ಥಿ ನಿಲಯಕ್ಕೆ ಕಾರಣರಾದರು. ವೈಸರಾಯ್ ಕಾರ್ಯಾಂಗದ ಸದಸ್ಯರಾಗಿದ್ದಾಗ 1942ರಲ್ಲಿ ಸಲ್ಲಿಸಿದ ಮನವಿಯಲ್ಲಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳ ವಿಜ್ಞಾನ, ತಾಂತ್ರಿಕ ಶಿಕ್ಷಣಕ್ಕೆ ವರ್ಷಕ್ಕೆ 2 ಲಕ್ಷ ರೂಪಾಯಿ, ವಿದೇಶದಲ್ಲಿ ಓದಲು 1 ಲಕ್ಷ ರೂಪಾಯಿ ಬೇಕೆಂದು ಕೇಳಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಸ್ವಾತಂತ್ರ್ಯಾನಂತರ 1954-55ರಲ್ಲಿ ಕೇಂದ್ರ ಸರಕಾರದ ಸಾಗರೋತ್ತರ ವಿದ್ಯಾರ್ಥಿವೇತನವೂ ಬಂತು. ಅದು ಇಂದಿಗೂ ನಡೆಯುತ್ತಿದೆ. ಅರ್ಹ ಮಕ್ಕಳಿರುವ ಮನೆಗಳಿಗೆ ಈ ಮಾಹಿತಿ ಮುಟ್ಟಿಸುವುದು ಸಂಘಗಳಿಂದ ಆಗಬಹುದಾದ ಕೆಲಸ.

ಸಮುದ್ರ ನುಂಗಿದ ಪುಸ್ತಕಗಳಿಗೆ ಬದಲಾಗಿ ಅವರು ಜೀವನಪೂರ್ತಿ ಮತ್ತೆ ಪುಸ್ತಕ ಕೊಂಡರು. ದಾದರಿನ ಹಿಂದೂ ಕಾಲನಿಯಲ್ಲಿ ಕಟ್ಟಿಸಿದ ರಾಜಗೃಹ ಮನೆಯ ದೊಡ್ಡ ಭಾಗ ಪುಸ್ತಕಗಳಿಗೇ ಮೀಸಲಾಗಿತ್ತು. 1946ರಲ್ಲಿ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆಯಿತು. ಹಗಲು ದುಡಿಯುವ ಹುಡುಗರು ಓದುವಂತಾಗಲೆಂದು ಅಲ್ಲಿ ಬೆಳಗಿನ ತರಗತಿಗಳನ್ನು ನಡೆಸಲಾಯಿತು. ಅವರ ಸಂಗ್ರಹದ ಬಹುಪಾಲು ಪುಸ್ತಕಗಳು ಫೋರ್ಟ್‌ನಲ್ಲಿರುವ ಆ ಕಾಲೇಜಿನ ಗ್ರಂಥಾಲಯಕ್ಕೆ ಸೇರಿದವು.